ಹಸಿ ಸೋಂಪಿನ ಗಡ್ಡೆ: ಎಷ್ಟು ಹಾಕಬೇಕು, ಹೇಗೆ ಇಡಬೇಕು?

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಚಳಿಗಾಲದಲ್ಲಿ ಇಲ್ಲಿನ ಸಂತೆಗೆ ಸೊಪ್ಪಿನ ಸಮೇತ ಫೆನೆಲ್ ಗಡ್ಡೆ ಬರುತ್ತದೆ. ಅಡುಗೆ ವಿಧಾನದಲ್ಲಿ ಒಬ್ಬರು ‘ಒಂದು ಗಡ್ಡೆ’ ಅಂತಾರೆ, ಇನ್ನೊಬ್ಬರು ‘ಎರಡು ಕಪ್’ ಅಂತಾರೆ. ಲೆಕ್ಕವೇ ಸಿಗುತ್ತಿಲ್ಲ. ಫ್ರಿಜ್‌ನಲ್ಲಿಟ್ಟರೂ ಬೇಗ ಮೆತ್ತಗಾಗುತ್ತದೆ. ಫ್ರೀಜರ್‌ನಲ್ಲಿ ಇಡಬಹುದೇ? ಗಡ್ಡೆ ಸಿಗದಾಗ ಸೋಂಪು ಕಾಳು ಹಾಕಿದರೆ ನಡೆಯುತ್ತದೆಯೇ?

ಉತ್ತರ: ಅಳತೆ ತಪ್ಪುವುದಕ್ಕೂ ಬೇಗ ಬಾಡುವುದಕ್ಕೂ ಕಾರಣ ಒಂದೇ, ಗಡ್ಡೆಯ ಮೇಲಿರುವ ದಂಟು ಮತ್ತು ಸೊಪ್ಪು. ಮನೆಗೆ ತಂದ ಕೂಡಲೇ ಅದನ್ನು ಕತ್ತರಿಸಿ ಬೇರೆ ಮಾಡಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಮೊದಲು ಅಳತೆ. ಅಂಗಡಿಯಲ್ಲಿ ತೂಗಿದ ತೂಕವನ್ನು ನಂಬಬೇಡಿ. ಅದರಲ್ಲಿ ದಂಟಿನ ತೂಕವೂ ಸೇರಿರುತ್ತದೆ. ದಂಟು ಉದ್ದವಿದ್ದರೆ ಅರ್ಧದಷ್ಟು ಅದರ ಪಾಲೇ ಆಗಬಹುದು. ದಂಟು ತೆಗೆದು, ಬುಡದ ಒಣಗಿದ ಭಾಗವನ್ನು ತೆಳ್ಳಗೆ ಕೊಯ್ದು, ಆಮೇಲೆ ತೂಗಿ. ಮಧ್ಯಮ ಗಾತ್ರದ ಒಂದು ಗಡ್ಡೆ ಸುಮಾರು 230 ಗ್ರಾಂ ಬರುತ್ತದೆ. ತೆಳ್ಳಗೆ ಹೆಚ್ಚಿದರೆ 240 ಮಿ.ಲೀ. ಕಪ್ಪಿನಲ್ಲಿ ಎರಡೂವರೆ ಕಪ್ಪಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಒಂದು ಕಪ್ ಎಂದರೆ ಹತ್ತಿರಹತ್ತಿರ 87 ಗ್ರಾಂ. ‘ಎರಡು ಕಪ್’ ಎಂದು ಬರೆದಿದ್ದರೆ ಒಂದು ಗಡ್ಡೆಯಲ್ಲಿ ಧಾರಾಳವಾಗಿ ಆಗುತ್ತದೆ. ಬರೇ ‘ಒಂದು ಗಡ್ಡೆ’ ಎಂದಿದ್ದರೆ 230 ಗ್ರಾಂ ಎಂದು ಹಿಡಿಯಿರಿ, ಎಲ್ಲೂ ಕೆಡುವುದಿಲ್ಲ. ಕಪ್ಪಿಗೆ ಒತ್ತಿ ತುಂಬಬೇಡಿ. ದಪ್ಪ ತುಂಡಾದರೆ ನಡುವೆ ಗಾಳಿ ಉಳಿದು ಕಪ್ಪಿನ ಲೆಕ್ಕ ತಪ್ಪುತ್ತದೆ, ಆಗ ತೂಕವೇ ಸರಿ. ಪಲ್ಯಕ್ಕಾದರೆ ಇನ್ನೊಂದು ವಿಷಯ ನೆನಪಿರಲಿ: ಬಾಣಲೆಯಲ್ಲಿ ಬಾಡಿಸಿದಾಗ ಇದು ತುಂಬಾ ಇಳಿಯುತ್ತದೆ. ನಾಲ್ಕು ಜನರಿಗೆ ಎರಡು ಗಡ್ಡೆ ಬೇಕೇ ಬೇಕು.

ಕೊಳ್ಳುವಾಗ ದುಂಡಗೆ, ಬೆಳ್ಳಗೆ, ಕೈಗೆ ಭಾರ ಎನಿಸುವ ಗಡ್ಡೆ ಆರಿಸಿ. ಚಪ್ಪಟೆಯಾಗಿ ಉದ್ದಕ್ಕೆ ಬೆಳೆದಿದ್ದರಲ್ಲಿ ನಾರು ಜಾಸ್ತಿ. ನಡುವಿನಿಂದ ಹೂದಂಟು ಎದ್ದಿದ್ದರೆ ಬಿಟ್ಟುಬಿಡಿ. ಹೊರಗಿನ ಪದರ ಒರಟಾಗಿದ್ದರೆ ಅದನ್ನು ಎಸೆಯಬೇಡಿ. ಸೂಪಿಗೆ, ತರಕಾರಿ ಬೇಯಿಸುವ ನೀರಿಗೆ ಹಾಕಿದರೆ ಒಳ್ಳೆಯ ಪರಿಮಳ ಬಿಡುತ್ತದೆ.

ಇನ್ನು ಇಡುವುದು. ಸೊಪ್ಪು ಅಂಟಿಕೊಂಡೇ ಇದ್ದರೆ ಅದು ಗಡ್ಡೆಯ ನೀರನ್ನು ಎಳೆದು ಗಾಳಿಗೆ ಬಿಡುತ್ತಲೇ ಇರುತ್ತದೆ. ನಿಮ್ಮ ಗಡ್ಡೆ ಮೆತ್ತಗಾಗುವುದು ಹೀಗೆ. ದಂಟನ್ನು ಎರಡು ಬೆರಳಗಲ ಬಿಟ್ಟು ಕತ್ತರಿಸಿ. ಗಡ್ಡೆ ತೊಳೆಯಬೇಡಿ. ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಅದರಲ್ಲಿ ಸುತ್ತಿ, ಸಡಿಲವಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನ ತರಕಾರಿ ಡ್ರಾಯರ್‌ನಲ್ಲಿಡಿ. ಒಂದು ವಾರ ಗರಿಗರಿಯಾಗಿ ಉಳಿಯುತ್ತದೆ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಪದರಗಳ ನಡುವೆ ನೀರು ನಿಂತರೆ ಕೊಳೆ ಶುರುವಾಗುತ್ತದೆ.

ಸೊಪ್ಪು ನೋಡಲು ನಮ್ಮ ಸಬ್ಬಸಿಗೆಯಂತೆಯೇ ಇದೆ, ಅಲ್ವಾ? ಪರಿಮಳ ಮಾತ್ರ ಬೇರೆ, ಸಿಹಿ ಜಾಸ್ತಿ. ಅದನ್ನು ಪೇಪರ್ ಟವೆಲ್‌ನಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ಎರಡು ಮೂರು ದಿನದಲ್ಲಿ ಬಳಸಿ ಮುಗಿಸಿ. ಹೆಸರುಬೇಳೆ ಕೋಸಂಬರಿಗೆ ತೆಳ್ಳಗೆ ಹೆಚ್ಚಿದ ಗಡ್ಡೆ ಹಾಕಿ, ನಿಂಬೆರಸ ಹಿಂಡಿ, ಮೇಲೆ ಈ ಸೊಪ್ಪು ಉದುರಿಸಿ ನೋಡಿ. ಕೊತ್ತಂಬರಿ ಸೊಪ್ಪು ಬೇಕೆನಿಸುವುದಿಲ್ಲ.

ಹೆಚ್ಚಿಟ್ಟ ಗಡ್ಡೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಿಂಬೆರಸ ಬೆರೆಸಿದ ನೀರಲ್ಲಿ ಹಾಕಿಡಿ. ಆಗಲೇ ಸ್ವಲ್ಪ ಬಾಡಿದ್ದರೆ ತೆಳ್ಳಗೆ ಹೆಚ್ಚಿ ಐಸ್ ನೀರಲ್ಲಿ ಕಾಲು ಗಂಟೆ ಬಿಡಿ, ಮತ್ತೆ ಗರಿಗರಿಯಾಗುತ್ತದೆ. ಬುಡ ಲೋಳೆಯಾಗಿದ್ದರೆ ಮಾತ್ರ ಆ ಭಾಗ ಉಳಿಸಲು ಹೋಗಬೇಡಿ.

ಕಾಳಿನ ವಿಷಯಕ್ಕೆ ಬರೋಣ. ಗಡ್ಡೆ ಬದಲು ಕಾಳು ಹಾಕಲು ಬರುವುದಿಲ್ಲ. ಕಾಳು ಕೊಡುವುದು ಪರಿಮಳ, ಗಡ್ಡೆ ಒಂದು ತರಕಾರಿ. ಅದರ ರಸ, ಅದರ ಸಿಹಿ ಕಾಳಿನಲ್ಲಿಲ್ಲ. ಗಡ್ಡೆ ಸಿಗದ ದಿನ ಎಲೆಕೋಸನ್ನೋ ಸೆಲರಿ ದಂಟನ್ನೋ ಹೆಚ್ಚಿ, ಒಗ್ಗರಣೆಗೆ ಅರ್ಧ ಚಮಚ ಜಜ್ಜಿದ ಸೋಂಪು ಕಾಳು ಹಾಕಿ. ರುಚಿ ಹತ್ತಿರಕ್ಕೆ ಬರುತ್ತದೆ. ಒಂದು ಚಮಚ ದಾಟಿದರೆ ಪಲ್ಯವೆಲ್ಲ ಊಟವಾದ ಮೇಲೆ ಜಗಿಯುವ ಬಡೇಸೋಪಿನ ವಾಸನೆ ಹೊಡೆಯುತ್ತದೆ. ಹಾಗೆಯೇ, ಅಡುಗೆಮನೆಯ ಕಾಳನ್ನು ಕುಂಡದಲ್ಲಿ ಬಿತ್ತಿ ಗಡ್ಡೆಗೆ ಕಾಯಬೇಡಿ. ಗಡ್ಡೆ ಕಟ್ಟುವುದು ಅದೇ ಜಾತಿಯ ಇನ್ನೊಂದು ತಳಿ. ಅದರ ಬೀಜವನ್ನೇ ಬೇರೆಯಾಗಿ ಕೊಳ್ಳಬೇಕು.

ಫ್ರೀಜರ್‌ನಲ್ಲಿ ಇಡಬಹುದು, ಆದರೆ ಹಸಿಯಾಗಿ ತಿನ್ನಲು ಅದು ಬರುವುದಿಲ್ಲ. ಕರಗಿದ ಮೇಲೆ ಮೆತ್ತಗಾಗುತ್ತದೆ. ಸಾರು, ಸೂಪ್, ಗೊಜ್ಜಿಗೆ ಸಾಕು ಎನ್ನುವುದಾದರೆ ಹೋಳು ಮಾಡಿ ಕುದಿಯುವ ನೀರಲ್ಲಿ ಒಂದು ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಿ. ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಚೀಲಕ್ಕೆ ಒಂದೊಂದೇ ಕಪ್ ತುಂಬಿ, ಗಾಳಿ ಒತ್ತಿ ತೆಗೆದು ತಾರೀಕು ಬರೆದಿಡಿ. ಬಳಸುವಾಗ ಕರಗಿಸಲು ಹೋಗದೆ ನೇರ ಕುದಿಯುವ ಸಾರಿಗೇ ಹಾಕಿ.