ಎಲೈಜಾ ಹಾರ್ಪರ್ ಮಾಡಿದ್ದು ಹಟಮಾರಿತನವೇ?

ದಾವಣಗೆರೆಯ ಓದುಗರೊಬ್ಬರ ಪತ್ರ: “ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಶಾಸಕ ಎಲೈಜಾ ಹಾರ್ಪರ್ ಅವರನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಪ್ರಧಾನಿ ಮತ್ತು ಹತ್ತು ಪ್ರಾಂತ್ಯಗಳ ಮುಖ್ಯಸ್ಥರು ಸೇರಿ ಮಾಡಿದ ಒಪ್ಪಂದಕ್ಕೆ ಒಬ್ಬರೇ ಅಡ್ಡಗಾಲು ಹಾಕುವುದು ಹಟಮಾರಿತನ ಅಲ್ವಾ? ಆಮೇಲೆ ಅವರು ಪಕ್ಷವನ್ನೂ ಬದಲಿಸಿದರಲ್ಲ!”

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ 1987ರಲ್ಲಿ ಸಂವಿಧಾನ ತಿದ್ದುಪಡಿಗಾಗಿ ಮೀಚ್ ಲೇಕ್ ಒಪ್ಪಂದ ಮಾಡಿಕೊಂಡ ಆ ಹನ್ನೊಂದು ಜನರ ನಡುವೆ ಮೂಲನಿವಾಸಿಗಳ ಪ್ರತಿನಿಧಿ ಒಬ್ಬರೂ ಇರಲಿಲ್ಲ. ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯ ‘ವಿಶಿಷ್ಟ ಸಮಾಜ’ ಎಂದು ಅದರಲ್ಲಿ ಬರೆದಿತ್ತು. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಅಲ್ಲಿದ್ದವರ ಹಕ್ಕಿನ ಮಾತನ್ನು ಮಾತ್ರ ಮುಂದೂಡಿದ್ದರು. ಮೂಲನಿವಾಸಿಯಾದ ಹಾರ್ಪರ್ ಹುಟ್ಟಿದ್ದು 1949ರಲ್ಲಿ, ಮ್ಯಾನಿಟೋಬಾದ ರೆಡ್ ಸಕ್ಕರ್ ಲೇಕ್‌ನಲ್ಲಿ. ಅವರ ಜನರಿಗೆ ಸಂಸತ್ ಚುನಾವಣೆಯಲ್ಲಿ ಷರತ್ತಿಲ್ಲದೆ ಮತ ಹಾಕುವ ಹಕ್ಕು ಸಿಕ್ಕಿದ್ದೇ 1960ರಲ್ಲಿ! ಚಿಕ್ಕವರಿದ್ದಾಗ ಅವರನ್ನು ಮನೆಯಿಂದ ದೂರದ ವಸತಿ ಶಾಲೆಗೆ ಕಳಿಸಿದ್ದರು. ಮುಂದೆ ಊರಿನ ಮುಖ್ಯಸ್ಥರಾದರು, 1981ರಲ್ಲಿ ಶಾಸಕರಾದರು. ಸರ್ಕಾರದೊಂದಿಗೆ ಟ್ರೀಟಿ (ಹಳೆಯ ಕರಾರು) ಮಾಡಿಕೊಂಡ ಮೂಲನಿವಾಸಿ ಸಮುದಾಯಗಳಿಂದ ಪ್ರಾಂತ್ಯದ ಶಾಸನಸಭೆಗೆ ಹೋದವರಲ್ಲಿ ಅವರೇ ಮೊದಲಿಗರು. ಮಂತ್ರಿಯೂ ಆಗಿದ್ದರು.

ಅವರು ತಡೆದ ರೀತಿಯನ್ನು ಸ್ವಲ್ಪ ಗಮನಿಸಿ. ಎಲ್ಲ ಪ್ರಾಂತ್ಯಗಳ ಶಾಸನಸಭೆಗಳೂ 1990ರ ಜೂನ್ 23ರೊಳಗೆ ಒಪ್ಪಬೇಕಿತ್ತು. ಮ್ಯಾನಿಟೋಬಾದಲ್ಲಿ ವಿಷಯ ಸಭೆಗೆ ಬಂದಾಗ ಜೂನ್ 12 ಆಗಿತ್ತು. ಮೊದಲೇ ನೋಟಿಸ್ ಕೊಡದೆ ಅದನ್ನು ಎತ್ತಿಕೊಳ್ಳಬೇಕಾದರೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಹಾರ್ಪರ್ ಒಪ್ಪಲಿಲ್ಲ. ಕೈಯಲ್ಲಿ ಹದ್ದಿನ ಗರಿ ಹಿಡಿದು ದಿನದಿನವೂ ಬೇಡ ಎಂದರು. ಸಾರ್ವಜನಿಕರ ಅಹವಾಲು ಕೇಳುವುದೂ ಕಡ್ಡಾಯವಾಗಿತ್ತು, ಮಾತಾಡಲು ಸಾವಿರಾರು ಜನ ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ಗಡುವು ಮುಗಿಯಿತು, ಒಪ್ಪಂದ ಬಿದ್ದುಹೋಯಿತು. ಇದರಲ್ಲಿ ನಿಯಮ ಮುರಿದದ್ದು ಏನೂ ಇಲ್ಲ. ಅವಸರ ಮಾಡಿದವರು ಸರ್ಕಾರದವರು. ಹಾರ್ಪರ್ ಒಂಟಿಯೂ ಆಗಿರಲಿಲ್ಲ, ಪ್ರಾಂತ್ಯದ ಮೂಲನಿವಾಸಿ ಮುಖಂಡರು ಅವರ ಜೊತೆ ಕೂತು ಹೆಜ್ಜೆ ಹೆಜ್ಜೆಗೂ ಯೋಚಿಸುತ್ತಿದ್ದರು. ಅವರ ತಕರಾರು ಕ್ವಿಬೆಕ್ ಜನರ ಮೇಲಲ್ಲ, ತಮ್ಮವರನ್ನು ಹೊರಗಿಟ್ಟದ್ದರ ಮೇಲೆ.

ಫಲ ಸಿಕ್ಕಿತೇ? ಸಂವಿಧಾನ ತಿದ್ದುಪಡಿಗಾಗಿ ಮತ್ತೆ ನಡೆದ 1992ರ ಶಾರ್ಲೆಟ್‌ಟೌನ್ ಮಾತುಕತೆಗೆ ಮೂಲನಿವಾಸಿ ಮುಖಂಡರನ್ನೂ ಕರೆದರು. ಅವರ ಸ್ವಯಮಾಡಳಿತದ ಹಕ್ಕು ಕರಡಿನಲ್ಲಿ ಸೇರಿತು. ಜನಮತಗಣನೆಯಲ್ಲಿ ಆ ಒಪ್ಪಂದವೂ ಬಿದ್ದುಹೋಯಿತು, ನಿಜ. ಆದರೂ ಅವರನ್ನು ಬಿಟ್ಟು ಸಂವಿಧಾನದ ಮಾತಾಡುವುದು ಆಮೇಲೆ ಸುಲಭವಾಗಿರಲಿಲ್ಲ.

ಪಕ್ಷ ಬದಲಿಸಿದ್ದೂ ಹೌದು. ತಮ್ಮ ನ್ಯೂ ಡೆಮಾಕ್ರಟಿಕ್ ಪಕ್ಷ (ಎನ್‌ಡಿಪಿ) ಬಿಟ್ಟು 1993ರಲ್ಲಿ ಲಿಬರಲ್ ಟಿಕೆಟ್ಟಿನಲ್ಲಿ ಚರ್ಚಿಲ್ ಕ್ಷೇತ್ರದಿಂದ ಸಂಸತ್ತಿಗೆ ಗೆದ್ದರು, 1997ರಲ್ಲಿ ಸೋತರು. ಅದು ನಿಮಗೆ ಹಿಡಿಸದಿದ್ದರೆ ನಾನು ವಾದ ಮಾಡುವುದಿಲ್ಲ. ಆದರೆ 1990ರಲ್ಲಿ ಅವರು ಮಾಡಿದ್ದನ್ನು ಅದರಿಂದ ಅಳೆಯಬೇಡಿ. ಆಗ ಅವರು ಸಂಸತ್ತಿಗೆ ಹೊರಟವರಾಗಿರಲಿಲ್ಲ, ವಿರೋಧ ಪಕ್ಷದಲ್ಲಿ ಕೂತಿದ್ದ ಶಾಸಕರಾಗಿದ್ದರು.