ಮಾಲೆ ತೆಗೆದ ಸಂಜೆಯೇ ಯಾಕೆ?

"ನಮ್ಮವರು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾರೆ. ಮೊದಲ ವಾರ ಕೈ ನಡುಗುತ್ತದೆ, ನಿದ್ದೆ ಇರಲ್ಲ. ಆದರೂ 41 ದಿನ ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಕುಡಿದು ಬರುತ್ತಾರೆ. ಇದು ಚಟವೋ, ಕೊಬ್ಬೋ?"
– ಹೆಸರು ಬೇಡ ಎಂದ ಓದುಗರು, ಹರಿಹರ

ಅಮ್ಮಾ, ಕೊಬ್ಬೂ ಸ್ವಲ್ಪ ಇದ್ದೀತು. ನಾನೇನು ಅವರ ಪರ ವಕೀಲನಲ್ಲ. ಆದರೆ ಆ 41 ದಿನ ಹೇಗಿರುತ್ತವೆ ನೋಡಿ. ನಸುಕಿನಲ್ಲಿ ತಣ್ಣೀರ ಸ್ನಾನ, ಕಪ್ಪು ಬಟ್ಟೆ, ಸಂಜೆ ಭಜನೆ. ಹಳೇ ಗೆಳೆಯರೂ 'ಸ್ವಾಮಿ' ಎನ್ನುತ್ತಾರೆ. ಬಾ ಒಂದು ನೈಂಟಿ ಹಾಕೋಣ ಎನ್ನುವವರೇ ಇಲ್ಲ.

ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನ ಡೋಪಮಿನ್ ಕೋಶಗಳನ್ನು, ಅಂದರೆ 'ಬೇಕು' ಅನ್ನಿಸುವುದಕ್ಕೆ ಸಂಬಂಧಪಟ್ಟ ರಾಸಾಯನಿಕ ಸುರಿಸುವ ಕೋಶಗಳನ್ನು, ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ದೀಪ ಹತ್ತಿದರೆ ರಸ ಬರುತ್ತದೆ ಎಂದು ಕೋತಿ ಕಲಿತ ಮೇಲೆ, ದೀಪ ಕಂಡಾಗಲೇ ಚುರುಕು! ರಸ ಬಂದಾಗ ಅವು ಸುಮ್ನೆ ಇದ್ದವು. ನಿಮ್ಮವರ ಪಾಲಿಗೆ ಆ ದೀಪ ಎಂದರೆ ಬಾರಿನ ಬೋರ್ಡು, ಸಂಜೆ ಏಳರ ಫೋನು. ಮಾಲೆ ಇದ್ದಷ್ಟು ದಿನ ಅದು ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ವಿಯೆಟ್ನಾಂ ಯುದ್ಧಕ್ಕೆ ಹೋದ ಎಷ್ಟೋ ಅಮೆರಿಕದ ಸೈನಿಕರು ಅಲ್ಲಿ ಹೆರಾಯಿನ್‌ಗೆ ಬಿದ್ದಿದ್ದರು. 1971ರಲ್ಲಿ ಊರಿಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹುಡುಕಿ ಮಾತಾಡಿಸಿದರೆ, ಹೆಚ್ಚಿನವರು ಮತ್ತೆ ಚಟಕ್ಕೆ ಬಿದ್ದಿರಲಿಲ್ಲ. ಅವರು ಚಟ ಹತ್ತಿದ ಜಾಗವನ್ನೇ ಬಿಟ್ಟು ಬಂದಿದ್ದರು. ನಿಮ್ಮವರು ಆ ಜಾಗಕ್ಕೇ ವಾಪಸ್ ಬರುತ್ತಾರೆ, ಅಲ್ವಾ?

ನನಗೆ ಜಾಸ್ತಿ ಗಾಬರಿ ತಂದದ್ದು ಆ ಕೈ ನಡುಕ. ಹೆಂಡ ಮಿದುಳಿಗೆ ಬ್ರೇಕ್ ಇದ್ದ ಹಾಗೆ. ದಿನಾ ಬ್ರೇಕ್ ಬಿದ್ದರೆ ಮಿದುಳು ಸರಿದೂಗಿಸಲು ಆಕ್ಸಿಲರೇಟರ್ ತುಳಿಯುತ್ತಲೇ ಇರುತ್ತದೆ. ಥಟ್ಟನೆ ಬ್ರೇಕ್ ಬಿಟ್ಟರೆ ಗಾಡಿ ನುಗ್ಗುತ್ತದೆ. ನಡುಕ, ಬೆವರು, ಎದೆ ಡವಡವ ಎಲ್ಲ ಅದರಿಂದಲೇ. ಒಂದು ಗುಟುಕು ಹಾಕಿದರೆ ಅದು ನಿಲ್ಲುತ್ತದೆ. ಹಾಗಾಗಿ ಹೆಂಡವೇ ಔಷಧಿ ಅನ್ನಿಸುತ್ತದೆ. ತುಂಬಾ ಕುಡಿಯುವವರು ಏಕಾಏಕಿ ಬಿಟ್ಟರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯವಾಗಬಹುದು. ಈ ಸಲ ಮಾಲೆ ಹಾಕುವ ಮುಂಚೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಕುಡಿಯುವ ಆಸೆ ತಗ್ಗಿಸುವ ಮಾತ್ರೆಗಳೂ ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮಾಲೆ ತೆಗೆಯುವ ಸಂಜೆ ಏಳಕ್ಕೆ ಅವರು ಎಲ್ಲಿರಬೇಕು ಎಂದು ಇಬ್ಬರೂ ಕೂತು ಈಗಲೇ ಗೊತ್ತು ಮಾಡಿಕೊಳ್ಳಿ. ಒಟ್ಟಿಗೇ ನಿಮ್ಮ ತವರಿಗೆ ಒಂದು ವಾರ ಹೋಗಿಬನ್ನಿ. ಅವರು ಒಪ್ಪಿದರೆ ಫೋನು ನಿಮ್ಮ ಬ್ಯಾಗಿನಲ್ಲಿರಲಿ.

– ಸಂ.