ಪ್ರತಿಕ್ರಿಯೆ: ತಂಗಿಯನ್ನು ಈಗ ಕಳಿಸಬೇಡಿ

ಬಸುರಿಯಾಗಿದ್ದಾಗ ಗಂಡನಿಂದ ಹೊಡೆತ ತಿಂದ ತಂಗಿ, ಹೆತ್ತು ಆರು ವಾರವಾದರೂ ಅಳುತ್ತಾಳೆ, ಮಗುವನ್ನು ಎತ್ತಿಕೊಳ್ಳುವುದಿಲ್ಲ, ಮಗುವಿಗೆ ಮೂರು ತಿಂಗಳಾದಾಗ ತೀರ್ಥಹಳ್ಳಿಯ ಗಂಡನ ಮನೆಗೆ ಕಳಿಸಲೇ ಎಂದು ಕೇಳಿದ್ದೀರಿ. ಕಳಿಸಬೇಡಿ. ಶಾಸ್ತ್ರ, ಊರವರ ಮಾತು ಎಲ್ಲ ಕಾಯಲಿ.

ಹೆರಿಗೆಯ ಹೊಸತರ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಆರು ವಾರ ಅಂದರೆ ಖಿನ್ನತೆ ಇರಬಹುದು. ಬಸುರಿನಲ್ಲಿ ಹಿಂಸೆ ಉಂಡವರಿಗೆ ಅದರ ಅಪಾಯ ಹೆಚ್ಚು. ದೃಷ್ಟಿ ತೆಗೆದರೆ ಹೋಗುವಂಥದ್ದಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಹಾಲೂಡಿಸುತ್ತಿದ್ದರೆ ಹೇಳಿ, ಅದಕ್ಕೆ ಹೊಂದುವ ಮಾತ್ರೆಗಳಿವೆ. ಈ ಮಳೆಯಲ್ಲಿ ಬಸ್ಸು ಹತ್ತಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸಾಯುವ ಮಾತಾಡಿದರೆ, ಇಲ್ಲದ ದನಿ ಕೇಳಿಸಿದರೆ ಅದೇ ದಿನ ಆಸ್ಪತ್ರೆಗೆ, ಒಬ್ಬಳನ್ನೇ ಬಿಡಬೇಡಿ.

ನನ್ನ ಅಕ್ಕನನ್ನು ನಾವು "ಹೊಂದಿಕೊಂಡು ಹೋಗು" ಅಂತ ಕಳಿಸಿದ್ದೆವು. ಬಸ್ಸಿನ ಕಿಟಕಿಯಲ್ಲಿ ಕಂಡ ಅವಳ ಮುಖ ಇಂದಿಗೂ ಕಣ್ಣಿಗೆ ಕಟ್ಟಿದೆ.

ತವರಿನಲ್ಲಿದ್ದರೆ ಹಕ್ಕು ಹೋಗುತ್ತದೆಂದು ಹೆದರಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು, ಜೀವನಾಂಶ ಕೇಳಬಹುದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ. ದಾರಿ ಕೇಳಲು ಮಹಿಳಾ ಸಹಾಯವಾಣಿ 181 ಇದೆ. ದೂರು ಕೊಡಬೇಕೋ ಬೇಡವೋ ಅವಳೇ ಹೇಳಲಿ. ಇವತ್ತು ರಾತ್ರಿ ಮಗುವನ್ನು ನೀವು ಎತ್ತಿಕೊಳ್ಳಿ, ಅವಳು ನಾಲ್ಕು ತಾಸು ನಿದ್ದೆ ಮಾಡಲಿ.